ಕಲ್ಲಿನ ದೂಳಿಗೂ ಕಿಡ್ನಿಗೂ ಏನು ಸಂಬಂಧ?

ಪ್ರಶ್ನೆ: ನಮ್ಮ ಮನೆಯವರು 14 ವರ್ಷದಿಂದ ಗ್ರಾನೈಟ್ ಕಟಿಂಗ್, ಪಾಲಿಶ್ ಕೆಲಸ ಮಾಡುತ್ತಿದ್ದಾರೆ. ಈಚೆಗೆ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಎಕ್ಸ್‌ರೇ ನೋಡಿ, ಸಿಲಿಕಾ ದೂಳಿನ ತೊಂದರೆ ಇರಬಹುದು ಎಂದರು. ಜೊತೆಗೆ ಮೂತ್ರ ಪರೀಕ್ಷೆಯನ್ನೂ ಬರೆದುಕೊಟ್ಟಿದ್ದಾರೆ. ಅದು ಯಾಕೆ? ಅವರ ಮಾತ್ರೆಯಲ್ಲೂ ಸಿಲಿಕಾನ್ ಡೈಆಕ್ಸೈಡ್ ಇದೆಯಂತೆ, ನಿಲ್ಲಿಸಬೇಕಾ?

ಉತ್ತರ: ನಿಮ್ಮ ಡಾಕ್ಟರು ಒಳ್ಳೆಯ ಕೆಲಸ ಮಾಡಿದ್ದಾರೆ. ದೂಳಿನ ಕಾಯಿಲೆ ಎಂದರೆ ಎಲ್ಲರ ಕಣ್ಣೂ ಎದೆಯ ಮೇಲೇ ಇರುತ್ತದೆ, ಕಿಡ್ನಿ ಮರೆತೇ ಹೋಗುತ್ತದೆ.

ಮೊದಲು ಶ್ವಾಸಕೋಶದ ಮಾತು. ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್ ಎಂಬ ಹರಳಿನ ರೂಪದ ಸಿಲಿಕಾ, ಅಂದರೆ ಸಿಲಿಕಾನ್ ಡೈಆಕ್ಸೈಡ್, ಇರುತ್ತದೆ. ಒಣಗಿದ ಕಲ್ಲು ಕೊಯ್ದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೇ ಅಪಾಯದವು. ಅವು ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ಅವನ್ನು ನುಂಗಿದ ರಕ್ಷಣಾ ಕೋಶಗಳು ಅರಗಿಸಿಕೊಳ್ಳಲಾಗದೆ ಸಾಯುತ್ತವೆ. ಕಣ ಹೊರಬರುತ್ತದೆ, ಇನ್ನೊಂದು ಕೋಶ ನುಂಗುತ್ತದೆ. ಹೀಗೆ ಉರಿಯೂತ ಮುಂದುವರಿದು ಗಾಯದ ಕಲೆ ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಕಲೆಯನ್ನು ಅಳಿಸುವ ಔಷಧ ಇಲ್ಲ. ಕೆಲಸ ಬಿಟ್ಟ ಮೇಲೂ ಕಾಯಿಲೆ ಹೆಚ್ಚಬಹುದು. ಇಂಥವರಿಗೆ ಕ್ಷಯ ಬರುವ ಸಾಧ್ಯತೆಯೂ ಜಾಸ್ತಿ, ಹಾಗಾಗಿ ಕಫ ಪರೀಕ್ಷೆ ಬಿಡಬೇಡಿ. ಹರಳಿನ ಸಿಲಿಕಾ ದೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಬೀಡಿ, ಸಿಗರೇಟು ಇದ್ದರೆ ಇವತ್ತೇ ನಿಲ್ಲಲಿ.

ಇನ್ನು ಕಿಡ್ನಿ. ವರ್ಷಗಟ್ಟಲೆ ಉಳಿಯುವ ಉರಿಯೂತ ದೇಹದ ರೋಗನಿರೋಧಕ ವ್ಯವಸ್ಥೆಯನ್ನೇ ದಾರಿ ತಪ್ಪಿಸಬಹುದು. ಆಗ ಅದು ನಮ್ಮದೇ ಅಂಗಗಳ ಮೇಲೆ ತಿರುಗಿಬೀಳುತ್ತದೆ. ಕೆಲವರಿಗೆ ಕೀಲುವಾತ, ಕೆಲವರಿಗೆ ರಕ್ತನಾಳದ ಉರಿಯೂತ. ರಕ್ತ ಸೋಸುವ ಕಿಡ್ನಿಯ ಸಣ್ಣ ನಾಳಗಳಿಗೂ ಪೆಟ್ಟು ಬೀಳಬಹುದು. ದೂಳಿನಲ್ಲಿ ಕೆಲಸ ಮಾಡುವವರಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆ ಹೆಚ್ಚು ಕಂಡುಬಂದಿದೆ. ಎದೆಯಲ್ಲಿ ಸಿಲಿಕೋಸಿಸ್ ಕಾಣದಿದ್ದವರಿಗೂ ಬಂದದ್ದುಂಟು.

ತೊಂದರೆ ಏನೆಂದರೆ, ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ, ನೋವು ಕೊಡುವುದಿಲ್ಲ. ಕಾಲು ಊದಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಅಥವಾ ರಕ್ತ ಸೋರುತ್ತಿದೆಯಾ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಎಷ್ಟಿದೆ, ಬಿ.ಪಿ. ಎಷ್ಟು, ಇಷ್ಟು ನೋಡಿದರೆ ಬೇಗ ಸುಳಿವು ಸಿಗುತ್ತದೆ. ವರ್ಷಕ್ಕೊಮ್ಮೆಯಾದರೂ ಮಾಡಿಸಿ. ಮೈಕೈ ನೋವಿಗೆ ದಿನಾ ನೋವಿನ ಮಾತ್ರೆ ನುಂಗುವ ರೂಢಿ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಅದೂ ಕಿಡ್ನಿಗೆ ಏಟು.

ಕೆಲಸ ಬಿಡುವುದು ಸುಲಭದ ಮಾತಲ್ಲ, ಗೊತ್ತು. ಆದರೆ ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಖಚಿತವಾದರೆ ದೂಳಿನಿಂದ ದೂರ ಇರಲೇಬೇಕು. ಅಲ್ಲಿಯವರೆಗೂ ನೀರು ಹಾಯಿಸದೆ ಕಲ್ಲು ಕೊಯ್ಯಬಾರದು. ಬಟ್ಟೆಯ ಮಾಸ್ಕ್ ಸಾಲದು, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಒಳ್ಳೆಯದು ಬೇಕು. ಕೆಲಸದ ಬಟ್ಟೆಯನ್ನು ಮನೆಯಲ್ಲಿ ಕೊಡವಬೇಡಿ.

ಮಾತ್ರೆಯಲ್ಲಿರುವುದು ಹರಳಲ್ಲದ ಸಿಲಿಕಾ, ಅದೂ ಚಿಟಿಕೆಗಿಂತ ಕಡಿಮೆ. ಅದು ಹೋಗುವುದು ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ. ಅದಕ್ಕಾಗಿ ಮಾತ್ರೆ ನಿಲ್ಲಿಸಬೇಡಿ. ಮೆಗ್ನೀಸಿಯಂ ಟ್ರೈಸಿಲಿಕೇಟ್ ಇರುವ ಅಸಿಡಿಟಿ ಔಷಧದ ಕಥೆ ಬೇರೆ. ಕಿಡ್ನಿ ಸೋತಿದ್ದರೆ ಅದರ ಮೆಗ್ನೀಸಿಯಂ ದೇಹದಲ್ಲೇ ಉಳಿಯುತ್ತದೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಅದನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ.