ಸೆಟ್ ದೋಸೆಯ 'ಸೆಟ್' ಯಾವುದು?

ಪ್ರಶ್ನೆ: ಮಗಳು ಆರನೇ ಕ್ಲಾಸು. ಇಂಗ್ಲಿಷ್ ಪಾಠದಲ್ಲಿ 'ಸೆಟ್' ಐದು ಸಲ ಬಂದಿದೆ, ಐದು ಕಡೆಯೂ ಅರ್ಥ ಬೇರೆ ಬೇರೆ. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಇಲ್ವಾ? ನಮ್ಮ ಸೆಟ್ ದೋಸೆಯ ಸೆಟ್ ಯಾವುದು ಅಂತಲೂ ಕೇಳುತ್ತಿದ್ದಾಳೆ.
- ಓದುಗರೊಬ್ಬರು, ಬಸವನಗುಡಿ

ಉತ್ತರ: ದೋಸೆಯಿಂದಲೇ ಶುರು ಮಾಡೋಣ. ಹೋಟೆಲಿನಲ್ಲಿ ಒಂದು ಸೆಟ್ ಅಂದರೆ ಸಾಮಾನ್ಯವಾಗಿ ಒಂದರ ಮೇಲೊಂದು ಮೂರು ಮೆತ್ತನೆ ದೋಸೆ, ಪಕ್ಕದಲ್ಲಿ ಸಾಗು, ಚಟ್ನಿ. ಬಿಡಿಯಾಗಿ ಕೊಡಲ್ಲ, ಜೊತೆಯಾಗಿಯೇ ಕೊಡುತ್ತಾರೆ, ಅದಕ್ಕೇ ಸೆಟ್. ಸ್ಟೀಲ್ ಡಬ್ಬಿ ಸೆಟ್, ಬಳೆ ಸೆಟ್ ಎಲ್ಲ ಇದೇ. ಗುಂಪು ಅನ್ನುವ ಈ ಸೆಟ್ ಹಳೆ ಫ್ರೆಂಚಿನಿಂದ ಬಂದದ್ದು, ಅದರ ಮೂಲ ಲ್ಯಾಟಿನ್ನಿನ 'ಸೆಕ್ಟಾ', ಅಂದರೆ ಒಬ್ಬರನ್ನು ಹಿಂಬಾಲಿಸುವ ಪಂಗಡ.

ಕ್ರಿಯಾಪದದ ಸೆಟ್ ಬೇರೆಯೇ. ಅದು ಹಳೆ ಇಂಗ್ಲಿಷಿನದು, 'ಸಿಟ್' ಪದಕ್ಕೆ ಹತ್ತಿರದ ನೆಂಟ. ಸಿಟ್ ಅಂದರೆ ಕೂರು, ಸೆಟ್ ಅಂದರೆ ಮೂಲದಲ್ಲಿ ಕೂರಿಸು. ನನಗೆ ತುಂಬಾ ಇಷ್ಟವಾದ ವಿಷಯ ಇದು, ಯಾಕಂದರೆ ನಾವೂ ಉಂಗುರಕ್ಕೆ ಹರಳು ಕೂರಿಸುತ್ತೇವೆ, ಮುರಿದ ಮೂಳೆ ಕೂರಿಸುತ್ತೇವೆ, ಆ ಎರಡಕ್ಕೂ ಇಂಗ್ಲಿಷಿನಲ್ಲಿ ಸೆಟ್ಟೇ. ಗಣಪತಿ ಕೂರಿಸೋದನ್ನು ನೆನಪಿಸಿ, ಮಗಳಿಗೆ ತಟ್ಟನೆ ಹೊಳೆಯುತ್ತದೆ.

ಆದರೆ ಎಲ್ಲ ಕಡೆ 'ಕೂರಿಸು' ಒಗ್ಗಲ್ಲ. ಸೂರ್ಯ ಮುಳುಗುತ್ತಾನೆ, ಸಿಮೆಂಟು ಗಟ್ಟಿಯಾಗುತ್ತದೆ, ಮೊಸರು ಹೆಪ್ಪುಗಟ್ಟುತ್ತದೆ, ಅಲಾರಾಂ ಇಡುತ್ತೇವೆ, ಮೇಷ್ಟ್ರು ಪ್ರಶ್ನೆಪತ್ರಿಕೆ ತೆಗೆಯುತ್ತಾರೆ. ಇಂಗ್ಲಿಷಿನಲ್ಲಿ ಈ ಐದಕ್ಕೂ ಅದೇ ಪದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಈ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳಿವೆ, ವಿವರಣೆಯೇ 60,000 ಪದದಷ್ಟು! ಒಂದೇ ಕನ್ನಡ ಪದಕ್ಕಾಗಿ ಸುಮ್ನೆ ಹುಡುಕಬೇಡಿ. ನಮ್ಮ 'ಹಿಡಿ'ಯನ್ನೇ ನೋಡಿ: ಬಸ್ ಹಿಡಿದೆ, ಜಡಿಮಳೆ ಹಿಡಿಯಿತು, ಕಬ್ಬಿಣಕ್ಕೆ ತುಕ್ಕು ಹಿಡಿಯಿತು, ಮಗು ಹಟ ಹಿಡಿಯಿತು. ಇಷ್ಟಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಸಿಗಲ್ಲ ಅಲ್ವಾ?

ಇನ್ನೊಂದು ಮಾತು. 'ಅವನಿಗೂ ನನಗೂ ಸೆಟ್ ಆಗಲ್ಲ' ಅಂತ ಬೆಂಗಳೂರಿನಲ್ಲಿ ದಿನಾ ಕೇಳುತ್ತೇವೆ. ಹೊಂದಿಕೆ ಆಗಲ್ಲ ಅನ್ನುವ ಈ ಅರ್ಥ ನಾವು ಕೊಟ್ಟದ್ದು, ಮಾತಿನಲ್ಲಿ ಚೆನ್ನಾಗಿದೆ, ಆದರೆ ಇಂಗ್ಲಿಷ್ ಪರೀಕ್ಷೆಯಲ್ಲಿ ಹಾಗೇ ಬರೆದರೆ ಮಾರ್ಕ್ಸ್ ಹೋಗುತ್ತದೆ.

ಪಾಠದ ಐದೂ ವಾಕ್ಯಗಳನ್ನು ಅವಳ ಬಾಯಲ್ಲೇ ಕನ್ನಡದಲ್ಲಿ ಹೇಳಿಸಿ. ಮುಳುಗು, ಇಡು, ಕೂರಿಸು, ಯಾವ ಪದ ತಾನಾಗಿ ಬರುತ್ತದೋ ಅದನ್ನೇ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ.