ಸಚಿವರು ಹೊಲಕ್ಕೆ ಬರಬೇಕಾದದ್ದು ಆಗಸ್ಟ್‌ನಲ್ಲಿ

ಪ್ರಶ್ನೆ: ನಮ್ಮದು ಮಾನ್ವಿ ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಬರ ಬಿದ್ದಾಗೆಲ್ಲ ಬೇಸಿಗೆಯಲ್ಲಿ ಸಾಲು ಸಾಲು ಕಾರು ಬರುತ್ತವೆ. ಸಚಿವರು, ಶಾಸಕರು, ಅಧಿಕಾರಿಗಳು ಒಣಗಿದ ಹೊಲದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಸರ್, ದೊಡ್ಡ ಬರ ಬಂದರೆ ಆಳುವವರು ನಿಜವಾಗಿ ಮಾಡಬೇಕಾದ್ದು ಏನು?

ಉತ್ತರ: ಮೊದಲು ಅವರು ಬರುವ ತಿಂಗಳು ಬದಲಾಗಬೇಕು. ಏಪ್ರಿಲ್‌ನಲ್ಲಿ ಬಂದರೆ ಟ್ಯಾಂಕರ್ ಲೆಕ್ಕ ಬಿಟ್ಟು ಮಾಡಲು ಜಾಸ್ತಿ ಏನೂ ಉಳಿದಿರುವುದಿಲ್ಲ. ಕಂದಾಯ ಇಲಾಖೆಯಲ್ಲಿ ಇದ್ದಷ್ಟು ವರ್ಷವೂ ನಾನು ಇದನ್ನೇ ನೋಡಿದೆ. ಬರ ಬೀಳುವುದು ಆಗಸ್ಟ್–ಸೆಪ್ಟೆಂಬರಿನ ಮಘೆ, ಹುಬ್ಬಿ ಮಳೆ ಕೈಕೊಟ್ಟಾಗ. ಅದು ಕಣ್ಣಿಗೆ ಕಾಣುವುದು ಯುಗಾದಿ ಹೊತ್ತಿಗೆ.

2023ನ್ನೇ ನೋಡಿ. 1901ರಿಂದ ಲೆಕ್ಕ ಇಟ್ಟ ಮೇಲೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಆದರೆ ರಸ್ತೆಯಲ್ಲಿ ನಿಂತು ನೋಡಿದರೆ ನಮ್ಮ ಹೊಲ ಹಸಿರಾಗೇ ಇದ್ದವು. ಒಳಗೆ ಇಳಿದು ಒಂದು ಸಜ್ಜೆ ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ ಊದಿದರೆ ಹೊಟ್ಟು ಹಾರಿಹೋಗಿ ನಾಲ್ಕು ಕಾಳು ಉಳಿಯುತ್ತಿದ್ದವು. ಇದನ್ನೇ ಆಗ ‘ಹಸಿರು ಬರ’ ಅಂದರು. ದೆಹಲಿಯಿಂದ ಬಂದ ತಂಡಕ್ಕೆ ಇದನ್ನು ತಿಳಿಸಿ ಹೇಳುವುದೇ ಒಂದು ಕೆಲಸವಾಯಿತು.

ಆ ವರ್ಷ ರಾಜ್ಯ ಸರ್ಕಾರ ತಡ ಮಾಡಲಿಲ್ಲ ಅಂತಲೇ ಹೇಳಬೇಕು. ಸೆಪ್ಟೆಂಬರ್ 13ಕ್ಕೆ 195 ತಾಲ್ಲೂಕುಗಳಲ್ಲಿ ಬರ ಘೋಷಿಸಿತು. ಆಮೇಲೆ ಅದು 236ರಲ್ಲಿ 223 ತಾಲ್ಲೂಕಿಗೆ ಏರಿತು. ಕೇಂದ್ರಕ್ಕೆ ಕೇಳಿದ್ದು 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಬಂದದ್ದು ಸುಮಾರು 3,454 ಕೋಟಿ. ಅದೂ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ರೈತ ಮುಂದಿನ ಮುಂಗಾರಿಗೆ ಬೀಜ ಹುಡುಕುತ್ತಿದ್ದ. ಯಾರದು ತಪ್ಪು ಅನ್ನುವ ಜಗಳ ಎರಡೂ ಕಡೆಯವರು ಮಾಡಿಕೊಳ್ಳಲಿ. ನನ್ನ ಮಾತು ಇಷ್ಟೇ: ದೆಹಲಿ ದುಡ್ಡು ತಡವಾಗುತ್ತದೆ ಅಂತ ಗೊತ್ತಿದ್ದ ಮೇಲೆ, ರಾಜ್ಯ ತನ್ನ ಖಜಾನೆಯಿಂದ ಮೊದಲು ಕೊಟ್ಟು ಆಮೇಲೆ ಹೊಂದಿಸಿಕೊಳ್ಳಬೇಕು. ಜನವರಿಯಲ್ಲಿ ಮೊದಲ ಕಂತು ಅಂತ ರೈತರಿಗೆ 2,000 ರೂಪಾಯಿವರೆಗೆ ಕೊಟ್ಟರು. ದಾರಿ ಸರಿ. ಆದರೆ ಮೊತ್ತ ಒಂದು ಚೀಲ ಗೊಬ್ಬರ, ಎರಡು ದಿನದ ಆಳಿನ ಕೂಲಿಗೆ ಮುಗಿದುಹೋಗುವಂಥದ್ದು.

ಇನ್ನು ಗುಳೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆ ಯಾವ ಹಳ್ಳಿಯಲ್ಲಾದರೂ ಕೇಳಿ. ಮೇಸ್ತ್ರಿ ದೀಪಾವಳಿ ಆಸುಪಾಸಿನಲ್ಲೇ ಬಂದು ಮುಂಗಡ ಕೊಟ್ಟು ಹೋಗುತ್ತಾನೆ. ಒಂದು ಸಲ ಆ ದುಡ್ಡು ಮುಟ್ಟಿದರೆ ಮುಗಿಯಿತು, ಕುಟುಂಬ ಬೆಂಗಳೂರಿಗೋ ಪುಣೆಗೋ ಗೋವಾಕ್ಕೋ ಹೋಗಲೇಬೇಕು. ನಾವು ಉದ್ಯೋಗ ಖಾತ್ರಿ ಕೆಲಸ ಶುರು ಮಾಡುವುದು ಫೆಬ್ರುವರಿಯಲ್ಲಿ. ಆಗ ಊರಲ್ಲಿ ಇರುವವರು ಮುದುಕರು, ಮೊಮ್ಮಕ್ಕಳು. ಕೆರೆ ಹೂಳು ಎತ್ತುವವರು ಯಾರು? ಕೆಲಸ ದಸರಾಕ್ಕೆ ಮೊದಲು ಶುರುವಾಗಬೇಕು. ಕೂಲಿ ಹದಿನೈದು ದಿನದೊಳಗೆ ಕೈಗೆ ಬರಬೇಕು. ಬರದ ವರ್ಷ ನರೇಗಾದ 100 ದಿನವನ್ನು 150 ಮಾಡಲು ಅವಕಾಶವಿತ್ತು ನಿಜ. ಆದರೆ ಮೇಸ್ತ್ರಿ ನಗದು ಎಣಿಸುತ್ತಾನೆ, ಸರ್ಕಾರ ‘ಬರುತ್ತದೆ’ ಅನ್ನುತ್ತದೆ. ಜನ ಯಾರನ್ನು ನಂಬಬೇಕು?

ಇದೇನೂ ಹೊಸ ಬುದ್ಧಿ ಅಲ್ಲ. 1876–78ರ ಬರ, ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರದ ಬರ ಅನ್ನುತ್ತಿದ್ದದ್ದು, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯನ್ನು ಹಿಂಡಿಹಾಕಿತು. ದೇಶದಿಂದ ಧಾನ್ಯ ಹೊರಗೆ ಹೋಗುವುದು ನಿಲ್ಲಲೇ ಇಲ್ಲ. ಜನರ ಕೈಯಲ್ಲಿ ಕೊಳ್ಳಲು ಕಾಸು ಇರಲಿಲ್ಲ. ಬ್ರಿಟಿಷರು ಖರ್ಚು ಉಳಿಸಲು ಪರಿಹಾರ ಕೆಲಸದ ಕೂಲಿಯನ್ನೂ ಕಡಿತ ಮಾಡಿದರು, ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚೂರು ಕಾಸು. ಲಕ್ಷಗಟ್ಟಲೆ ಜನ ಸತ್ತ ಮೇಲೆ 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು. ಆಮೇಲೆ ಬಂದ ಕ್ಷಾಮ ಸಂಹಿತೆಗಳಲ್ಲಿ ಒಂದು ಜಾಣ ಉಪಾಯ ಇತ್ತು. ಅನುಮಾನ ಬಂದ ಕಡೆ ಮೊದಲು ಒಂದು ಪರೀಕ್ಷೆ ಕಾಮಗಾರಿ ತೆರೆಯುವುದು. ಕಷ್ಟದ ಕೆಲಸಕ್ಕೂ ಜನ ಗುಂಪು ಗುಂಪಾಗಿ ಬಂದರೆ ಬರ ಬಂತು ಅಂತಲೇ ಲೆಕ್ಕ. ಇವತ್ತಿನ ಸಚಿವರ ಕೈಯಲ್ಲಿ ಉಪಗ್ರಹದ ಚಿತ್ರ ಇದೆ, ಹೋಬಳಿ ಹೋಬಳಿಯ ಮಳೆ ಲೆಕ್ಕ ಇದೆ. 1988ರಲ್ಲೇ ಬರ ನಿಗಾ ಘಟಕ ಮಾಡಿದ ರಾಜ್ಯ ನಮ್ಮದು. ಅದರ ಜೊತೆಗೆ ಯಾವ ಪಂಚಾಯಿತಿಯಲ್ಲಿ ಎಷ್ಟು ಜನ ಕೆಲಸ ಕೇಳಿದರು ಅನ್ನುವ ಲೆಕ್ಕವನ್ನೂ ವಾರ ವಾರ ನೋಡಿದರೆ ಸಾಕು. ಹೊಟ್ಟೆ ಸುಳ್ಳು ಹೇಳಲ್ಲ ಅಲ್ವಾ.

ಕಾಲುವೆ ವಿಷಯ ಬಿಟ್ಟರೆ ನೀವು ಬಿಡಲ್ಲ, ಗೊತ್ತು. ಡ್ಯಾಂ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸು. ಎಡದಂಡೆಯ ಬಹುಪಾಲು ಜಮೀನಿಗೆ ಮೊದಲು ಬರೆದದ್ದು ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆ. ಬೆಳೆದದ್ದು ಭತ್ತ. ಒಳ್ಳೆ ವರ್ಷವೇ ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಮಟ್ಟ ಅಳೆಯುವ ಗೇಜ್ ಕಡೆ ಕಣ್ಣು ನೆಟ್ಟು ಕೂರುವವರು ನೀವು. ಬರದ ವರ್ಷ ಕೇಳಬೇಕಾ? ಇಲ್ಲಿ ಬೇಕಾಗಿರುವುದು ದುಡ್ಡಲ್ಲ, ಧೈರ್ಯ. ಒಳಹರಿವು ಕಡಿಮೆ ಅಂತ ಗೊತ್ತಾದ ಕೂಡಲೇ ನೀರಾವರಿ ಸಲಹಾ ಸಮಿತಿ ಸಭೆ ಕರೆದು, ಸಸಿಮಡಿ ಹಾಕುವ ಮೊದಲೇ ‘ಎರಡನೇ ಬೆಳೆಗೆ ನೀರಿಲ್ಲ’ ಅಂತ ಹೇಳಬೇಕು. ನಾಟಿ ಆದ ಮೇಲೆ ಹೇಳಿದರೆ ಯಾರೂ ಕೇಳಲ್ಲ, ಕೇಳಲೂಬಾರದು. ಕಾಲುವೆ ಪಕ್ಕದ ಪಂಪ್‌ಸೆಟ್‌ಗಳನ್ನು ತೆಗೆಸುವುದಾದರೆ ಪ್ರಭಾವಿಗಳದ್ದನ್ನೇ ಮೊದಲು ತೆಗೆಸಬೇಕು. ಕುಡಿಯಲು ಅಂತ ಬೇಸಿಗೆಯಲ್ಲಿ ಬಿಟ್ಟ ನೀರೂ ದಾರಿಯಲ್ಲೇ ಮಾಯವಾಗಿ ಕೊನೆ ಭಾಗದ ಕೆರೆ ತುಂಬದೇ ಹೋಗುವುದನ್ನು ನಾನೇ ನೋಡಿದ್ದೇನೆ. ನಿಷೇಧಾಜ್ಞೆ ಹಾಕುತ್ತಾರೆ, ಪೊಲೀಸರನ್ನು ನಿಲ್ಲಿಸುತ್ತಾರೆ. ಒಬ್ಬ ದೊಡ್ಡ ಮನುಷ್ಯನ ಫೋನ್ ಬಂದರೆ ಅಷ್ಟೂ ಸಡಿಲ.

ಟ್ಯಾಂಕರ್ ಬಗ್ಗೆ ಒಂದೇ ಮಾತು. ನಾನಿದ್ದ ಒಂದು ತಾಲ್ಲೂಕಿನಲ್ಲಿ ಟ್ಯಾಂಕರ್ ಹನ್ನೊಂದಕ್ಕೆ ಬರುತ್ತಿತ್ತು, ಕೂಲಿಯವರು ಏಳಕ್ಕೇ ಹೊರಟಿರುತ್ತಿದ್ದರು. ಕಾಗದದಲ್ಲಿ ಎಲ್ಲರಿಗೂ ನೀರು ಸಿಕ್ಕಿತ್ತು. ಸಚಿವರು ಸಭೆಯಲ್ಲಿ ‘ಎಷ್ಟು ಟ್ಯಾಂಕರ್’ ಅಂತ ಕೇಳುವುದರ ಜೊತೆಗೆ ‘ಎಷ್ಟು ಗಂಟೆಗೆ’ ಅಂತಲೂ ಕೇಳಲಿ.

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನವ ನಾನು. ಎರಡು ಎತ್ತು, ಒಂದು ಎಮ್ಮೆ ಇವೆ. ಗೋಶಾಲೆ ತೆರೆದಿದ್ದಾರೆ, ಆದರೆ ಹದಿನೈದು ಕಿಲೋಮೀಟರ್ ದೂರ. ಹೊಡೆದುಕೊಂಡು ಹೋಗಬೇಕಾ, ಮಾರಬೇಕಾ?

ಉತ್ತರ: ಇನ್ನೊಂದು ತಿಂಗಳು ತಡೆಯಲು ಆಗುವುದಾದರೆ ಎತ್ತು ಮಾರಬೇಡಿ. ಬರದಲ್ಲಿ ಸಂತೆಗೆ ಹೋದರೆ ಅರ್ಧ ರೇಟು, ಮಳೆ ಬಂದ ಮೇಲೆ ಕೊಳ್ಳಲು ಹೋದರೆ ದುಪ್ಪಟ್ಟು. ಒಬ್ಬರೇ ಮನುಷ್ಯ ಇರುವ ಮನೆಯವರು ಜಾನುವಾರು ಜೊತೆ ಗೋಶಾಲೆಯಲ್ಲಿ ಕೂರಲು ಆಗಲ್ಲ. ಅದಕ್ಕೇ ನಮ್ಮ ಕಡೆ ದೊಡ್ಡ ಗೋಶಾಲೆಗಿಂತ ಹೋಬಳಿಗೊಂದು ಮೇವು ಬ್ಯಾಂಕ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ದಿನಕ್ಕೆ ಒಂದು ದನಕ್ಕೆ ಐದಾರು ಕೆ.ಜಿ. ಒಣ ಮೇವು ಅಂತ ಲೆಕ್ಕ ಹಾಕಿ, ಊರಿನ ಹತ್ತಿಪ್ಪತ್ತು ಜನ ಸೇರಿ ತಹಶೀಲ್ದಾರರಿಗೆ ಬರೆದು ಕೊಡಿ, ಒಂದು ಪ್ರತಿ ಪಶು ಆಸ್ಪತ್ರೆಗೂ ಕೊಡಿ. ಒಬ್ಬರ ಅರ್ಜಿ ಫೈಲಿನಲ್ಲಿ ಮಲಗುತ್ತದೆ.

ಪ್ರಶ್ನೆ: ಲೀಜಿಗೆ ಹೊಲ ಮಾಡಿ ಹತ್ತಿ ಹಾಕಿದ್ದೆ, ಎಲ್ಲ ಹೋಯಿತು. ಪರಿಹಾರ ಹೊಲದ ಮಾಲೀಕರ ಖಾತೆಗೆ ಬಿತ್ತು. ಏನು ಮಾಡಲಿ? (ಸಿರುಗುಪ್ಪ)

ಉತ್ತರ: ಪರಿಹಾರ ಹೋಗುವುದು ಪಹಣಿ ಮತ್ತು ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ನೋಡಿ. ಬಾಯಿಮಾತಿನ ಲೀಜು ಅಲ್ಲಿ ಕಾಣುವುದೇ ಇಲ್ಲ. ಮಾಲೀಕರಿಗೋ, ಕಾಗದ ಮಾಡಿಕೊಟ್ಟರೆ ಹೊಲ ಕೈಬಿಡುತ್ತದೆ ಅನ್ನುವ ಭಯ. ಬರದಲ್ಲಿ ಮೊದಲು ಮುಳುಗುವವರು ನೀವೇ, ಪಟ್ಟಿಯಲ್ಲಿ ಇಲ್ಲದವರೂ ನೀವೇ. ಸರ್ಕಾರ ಬೆಳೆ ಸಮೀಕ್ಷೆ ಮಾಡುವಾಗ ಬೆಳೆ ಯಾವುದು ಅಂತ ಬರೆದುಕೊಳ್ಳುವ ಹಾಗೆ ಬೆಳೆದವರು ಯಾರು ಅಂತಲೂ ಬರೆದುಕೊಳ್ಳಬೇಕು. ಅದು ಆಗುವವರೆಗೆ, ಲೀಜಿನ ಮಾತಾಡುವಾಗಲೇ ಮಾಲೀಕರ ಹತ್ತಿರ ಇದನ್ನೂ ಮಾತಾಡಿಕೊಳ್ಳಿ: ಪರಿಹಾರ ಬಂದರೆ ಲೀಜಿನ ಹಣದಲ್ಲಿ ಅಷ್ಟು ಮುರಿದುಕೊಳ್ಳಬೇಕು ಅಂತ, ಇಬ್ಬರು ಹಿರಿಯರ ಎದುರಿಗೆ. ಈ ಸಲದ್ದಕ್ಕೂ ಅವರನ್ನೇ ಕರೆದುಕೊಂಡು ಹೋಗಿ ಕೇಳಿ ನೋಡಿ.