ಡ್ರೈ ಹಾಪ್ ಆದ ಬಿಯರ್ ತಿಳಿಯಾಗದಿದ್ದರೆ ಮೊದಲು ಹೈಡ್ರೋಮೀಟರ್ ನೋಡಿ

ಪ್ರಶ್ನೆ: 19 ಲೀಟರ್ ಐಪಿಎಗೆ (ಹಾಪ್ ಹೂವಿನ ಕಹಿ, ಪರಿಮಳ ಜೋರಾಗಿರುವ ಬಿಯರ್) 110 ಗ್ರಾಂ ಸಿಟ್ರಾ ತಳಿಯ ಹಾಪ್ ಪೆಲೆಟ್ ಡ್ರೈ ಹಾಪ್ ಮಾಡಿ (ಕುದಿಸದೆ ನೇರ ಬಿಯರಿಗೇ ಹಾಕಿ), ನಾಲ್ಕನೇ ದಿನ ಬೆಚ್ಚಗಿರುವಾಗಲೇ ತಿಳಿಯಾಗಲೆಂದು ಜೆಲಟಿನ್ ಬೆರೆಸಿ ಬಾಟಲಿಗೆ ತುಂಬಿದೆ. ಫ್ರಿಜ್‌ನಲ್ಲಿಟ್ಟರೆ ಮಬ್ಬು, ಮುಚ್ಚಳ ತೆಗೆದರೆ ಅರ್ಧ ಬಾಟಲಿ ನೊರೆಯಾಗಿ ಉಕ್ಕುತ್ತದೆ. ಜೆಲಟಿನ್ ಕಳಪೆಯೇ? (ಪೋರ್ಟ್‌ಲೆಂಡ್, ಅಮೆರಿಕ)

ಜೆಲಟಿನ್ ಪಾಪದ್ದು, ಎಲ್ಲರೂ ಅದನ್ನೇ ಬೈಯುತ್ತಾರೆ. ಮಬ್ಬು ಆಮೇಲೆ ನೋಡೋಣ, ಉಕ್ಕುವುದು ಅಪಾಯ. ಹಾಪ್‌ನಲ್ಲೂ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವಗಳಿರುತ್ತವೆ. ಯೀಸ್ಟ್ ತಿನ್ನಲಾರದೆ ಬಿಟ್ಟ ಡೆಕ್ಸ್‌ಟ್ರಿನ್ ಅನ್ನು ಅವು ಸಕ್ಕರೆಯಾಗಿ ಒಡೆಯುತ್ತವೆ, ಯೀಸ್ಟ್ ಮತ್ತೆ ಕೆಲಸಕ್ಕಿಳಿಯುತ್ತದೆ. ಹಾಪ್ ಕ್ರೀಪ್ ಎನ್ನುವುದು ಇದಕ್ಕೇ. ಬಾಟಲಿಯೊಳಗೆ ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಹೈಡ್ರೋಮೀಟರ್ ಅಳೆಯುವುದು ಇದನ್ನೇ) 1.012ರಿಂದ 1.008ಕ್ಕೆ ಇಳಿದರೆ, ನೀವು ಅಳೆದು ಹಾಕಿದ ಸಕ್ಕರೆಯ ಗ್ಯಾಸಿನ ಮೇಲೆ ಇನ್ನೂ ಸುಮಾರು 2 ವಾಲ್ಯೂಮ್, ಅಂದರೆ ಬಿಯರಿನ ಎರಡರಷ್ಟು ಗಾತ್ರದ ಗ್ಯಾಸ್ ಸೇರುತ್ತದೆ. ಬಾಟಲಿ ಸಿಡಿಯಲು ಅಷ್ಟು ಸಾಕು. ಉಳಿದವನ್ನೆಲ್ಲ ಇವತ್ತೇ ಫ್ರಿಜ್‌ಗೆ ಹಾಕಿ, ತೆಗೆಯುವಾಗ ದಪ್ಪ ಟವೆಲ್ ಸುತ್ತಿ.

ಮುಂದಿನ ಸಲ ಹುದುಗು ಮುಗಿದ ಮೇಲೆ 18 ಡಿಗ್ರಿ ಆಸುಪಾಸಿನಲ್ಲಿ ಹಾಪ್ ಹಾಕಿ. 110 ಗ್ರಾಂ ಸರಿಯಾಗಿದೆ. ಲೀಟರಿಗೆ 8 ಗ್ರಾಂ ದಾಟಿದರೆ ಖರ್ಚಿನಷ್ಟು ಪರಿಮಳ ಏರುವುದಿಲ್ಲ, ಹಸಿಸೊಪ್ಪಿನ ಒಗರು ಬರುತ್ತದೆ. 2-3 ದಿನದಲ್ಲಿ ಪರಿಮಳ ಬಿಯರಿಗೆ ಇಳಿದಿರುತ್ತದೆ, ಆದರೂ ಕಾಯಿರಿ. ಮೂರು ದಿನ ಗ್ರ್ಯಾವಿಟಿ ಒಂದೇ ಕಡೆ ನಿಲ್ಲಬೇಕು. ಸ್ಯಾಂಪಲ್ ಕಲಕಿ ಗ್ಯಾಸ್ ಬಿಡಿಸಿಯೇ ಅಳೆಯಿರಿ, ಗುಳ್ಳೆಗಳು ಹೈಡ್ರೋಮೀಟರನ್ನು ಎತ್ತಿ ಸುಳ್ಳು ಹೇಳಿಸುತ್ತವೆ. ನಂತರ ಒಂದಿಷ್ಟು ಬಿಯರನ್ನು ಮುಚ್ಚಿ 60 ಡಿಗ್ರಿ ನೀರಿನಲ್ಲಿ 20 ನಿಮಿಷ ಇಟ್ಟು, ಆರಿಸಿ, ಮೂಸಿ. ಬೆಣ್ಣೆ ವಾಸನೆ ಬಂದರೆ ಹುದುಗಿನಲ್ಲಿ ಹುಟ್ಟಿದ ಡೈಅಸಿಟೈಲ್ (ಆ ವಾಸನೆಯ ಮೂಲ) ಇನ್ನೂ ಹೋಗಿಲ್ಲ, ತಣ್ಣಗೆ ಮಾಡಬೇಡಿ.

ಎಲ್ಲ ಸರಿಯಿದ್ದರೆ 1-2 ಡಿಗ್ರಿಗೆ ಇಳಿಸಿ. ಪ್ರೋಟೀನೂ ಹಾಪ್‌ನ ಪಾಲಿಫಿನಾಲೂ ಕೂಡಿ ಮಬ್ಬಾಗುವುದು ಈ ತಂಪಿನಲ್ಲೇ. ಬೆಚ್ಚಗಿನ ಬಿಯರಿನಲ್ಲಿ ಜೆಲಟಿನ್‌ಗೆ ಹಿಡಿಯಲು ಆ ಮಬ್ಬೇ ಇರಲಿಲ್ಲ. ಮರುದಿನ ಅರ್ಧ ಟೀ ಚಮಚ ಸಪ್ಪೆ ಜೆಲಟಿನ್ ಪುಡಿಯನ್ನು 120 ಮಿ.ಲೀ. ತಣ್ಣೀರಿನಲ್ಲಿ 10 ನಿಮಿಷ ನೆನೆಸಿ, 68 ಡಿಗ್ರಿವರೆಗೆ ಬಿಸಿಮಾಡಿ ಸುರಿಯಿರಿ. ಕುದಿಸಿದರೆ ಕೆಟ್ಟಿತು. 2-3 ದಿನದಲ್ಲಿ ಗಸಿ ತಳಕ್ಕೆ ಗಟ್ಟಿಯಾಗಿ ಕೂರುತ್ತದೆ. ತಣ್ಣಗಾಗುವಾಗ ಫರ್ಮೆಂಟರ್ (ಹುದುಗಿನ ಪಾತ್ರೆ) ಗ್ಯಾಸ್ ಹೊರಬಿಡುವ ಏರ್‌ಲಾಕ್ ಮೂಲಕ ಹೊರಗಾಳಿ ಎಳೆದುಕೊಳ್ಳುತ್ತದೆ. ಅಲ್ಲಿಗೆ ಕಾರ್ಬನ್ ಡೈ ಆಕ್ಸೈಡ್ ತುಂಬಿದ ಬಲೂನ್ ಸಿಕ್ಕಿಸಿ, ಇಲ್ಲವಾದರೆ ಹೊಂಬಣ್ಣ ಕಂದಾಗಿ ಹಾಪ್ ಪರಿಮಳ ಸತ್ತು ಹೋಗುತ್ತದೆ.

ತೆಳು ಬಟ್ಟೆಯಲ್ಲಿ ಸೋಸಬಹುದೇ?
ಮಬ್ಬಿನ ಕಣ ಬಟ್ಟೆಯ ಸಂದಿಗಿಂತ ಎಷ್ಟೋ ಸಣ್ಣದು. ಸೋಸಿದಷ್ಟೂ ಗಾಳಿ ಸೇರುತ್ತದೆ. ಇದನ್ನು ವಿಡಿಯೊ ಮಾಡಿ ಕಲಿಸುವ ಮಹಾಶಯರು ತಮ್ಮ ಬಿಯರನ್ನು ಎರಡು ವಾರ ಬಿಟ್ಟು ಕುಡಿದು ನೋಡಲಿ.

ಪಟಿಕ ಹಾಕಿದರೆ?
ಬೇಡ.

ಜೆಲಟಿನ್ ಸಸ್ಯಾಹಾರವೇ?
ಅಲ್ಲ. ಇದೇ ಕೆಲಸಕ್ಕೆ ಬಳಸುವ ಐಸಿಂಗ್ಲಾಸ್ ಕೂಡ ಮೀನಿನದು. ಸಿಲಿಕಾದಿಂದ ಮಾಡಿದ ಬಯೋಫೈನ್ ಕ್ಲಿಯರ್ ತೆಗೆದುಕೊಳ್ಳಿ.

ಓಟ್ಸ್ ಹಾಕಿದ ಹೇಝಿ (ಬೇಕೆಂದೇ ಮಬ್ಬಾಗಿಸಿದ) ಐಪಿಎ ತಿಳಿ ಮಾಡುವುದು ಹೇಗೆ?
ಮಬ್ಬು ಬೇಡವಾಗಿದ್ದರೆ ಓಟ್ಸ್ ಯಾಕೆ ಹಾಕಿದಿರಿ?

ಬೆಂಗಳೂರಿನ ಮನೆಯಲ್ಲಿ ಮಾಡಬಹುದೇ?
ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಇನ್ನು ಕೇಳಬೇಡಿ.

ಬಳಸಿದ ಹಾಪ್ ಚರಟ ಗಿಡದ ಬುಡಕ್ಕೆ ಹಾಕಬಹುದೇ?
ನಾಯಿ ಓಡಾಡುವ ಕಡೆ ಕೂಡದು. ನಾಯಿಗಳಿಗೆ ಹಾಪ್ ವಿಷ. ತಿಂದರೆ ಮೈಬಿಸಿ ವಿಪರೀತ ಏರಿ ಪ್ರಾಣವೇ ಹೋಗಬಹುದು. ಚೀಲದಲ್ಲಿ ಕಟ್ಟಿ, ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಿ.